ರಿಯಾದ್ ಡೈರಿ – 23: ಡಯಾಲಿಸಿಸ್‌ಗೆ ಆಸ್ಪತ್ರೆಯೊಂದೇ ದಾರಿಯಲ್ಲ



ಕಿಡ್ನಿ ಬಗ್ಗೆ ಬರೆದ ಹಿಂದಿನ ಎರಡು ಪೋಸ್ಟ್‌ಗಳಿಗೆ ಇನ್‌ಬಾಕ್ಸ್‌ನಲ್ಲಿ ಬಂದ ಪ್ರಶ್ನೆಗಳನ್ನು ಒಟ್ಟು ಮಾಡಿ ನೋಡಿದೆ. ಅರ್ಧಕ್ಕರ್ಧ ಜನ ಕೇಳಿದ್ದು ಒಂದೇ ಮಾತು: "ಸಿಸ್ಟರ್, ಅಪ್ಪನಿಗೆ ಡಯಾಲಿಸಿಸ್ ಶುರು ಮಾಡಬೇಕು ಅಂದಿದ್ದಾರೆ. ವಾರಕ್ಕೆ ಮೂರು ದಿನ ಕರೆದುಕೊಂಡು ಹೋಗುವವರು ಯಾರೂ ಇಲ್ಲ. ಏನು ಮಾಡೋದು?"

ಒಬ್ಬರಿಗೂ ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳಬಹುದು ಎಂದು ಯಾರೂ ಹೇಳಿರಲಿಲ್ಲ. ಬೇಡ ಅಂತ ಹೇಳಿದ್ದರೆ ಬೇರೆ ಮಾತು. ಹಾಗೊಂದು ದಾರಿ ಇದೆ ಎನ್ನುವುದೇ ಅವರಿಗೆ ಗೊತ್ತಿಲ್ಲ. ನನಗೆ ಸಿಟ್ಟು ಬಂದಿದ್ದು ಅಲ್ಲಿ. ಹಾಗಾಗಿ ಇವತ್ತಿನದು ಸ್ವಲ್ಪ ಉದ್ದದ ಪೋಸ್ಟ್. ಚಹಾ ಮಾಡಿಕೊಂಡು ಕೂತು ಓದಿ.

ಮೊದಲೇ ಹೇಳಿಬಿಡುತ್ತೇನೆ. ನಾನು ಡಾಕ್ಟರ್ ಅಲ್ಲ. ರಿಯಾದ್‌ನ ಒಂದು ಆಸ್ಪತ್ರೆಯ ಡಯಾಲಿಸಿಸ್ ಯೂನಿಟ್‌ನಲ್ಲಿ ಸ್ಟಾಫ್ ನರ್ಸ್. ಇಲ್ಲಿ ಬರೆಯುವುದು ನನ್ನ ಅಭಿಪ್ರಾಯ. ನಿಮ್ಮ ಮನೆಯವರಿಗೆ ಯಾವುದು ಸರಿ ಎಂದು ತೀರ್ಮಾನಿಸಬೇಕಾದವರು ನಿಮ್ಮ ನೆಫ್ರಾಲಜಿಸ್ಟ್ ಮತ್ತು ನೀವು. ಪೇಷಂಟ್‌ಗಳ ಬಗ್ಗೆ ಬರೆದಲ್ಲೆಲ್ಲ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ವಾರದ 168 ಗಂಟೆಯಲ್ಲಿ 12 ಗಂಟೆ

ಆಸ್ಪತ್ರೆಯಲ್ಲಿ ಮಾಡುವುದು ಹಿಮೋಡಯಾಲಿಸಿಸ್. ಕೈಯಲ್ಲಿ ಫಿಸ್ಟುಲಾ ಮಾಡಿ, ಎರಡು ದಪ್ಪ ಸೂಜಿ ಚುಚ್ಚಿ, ರಕ್ತವನ್ನು ಹೊರಗೆ ತೆಗೆದು, ಡಯಲೈಸರ್ ಎನ್ನುವ ಶೋಧಕದ ಮೂಲಕ ಹಾಯಿಸಿ, ವಾಪಸ್ ದೇಹಕ್ಕೆ ಬಿಡುವುದು. ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ.

ಆರೋಗ್ಯವಾಗಿರುವ ಕಿಡ್ನಿ ವಾರದ 168 ಗಂಟೆಯೂ ಕೆಲಸ ಮಾಡುತ್ತದೆ. ಮಷಿನ್ ಮಾಡುವುದು 12 ಗಂಟೆ. ಉಳಿದ 156 ಗಂಟೆ ನೀರು, ಉಪ್ಪು, ಪೊಟ್ಯಾಸಿಯಂ, ಕಸ ಎಲ್ಲ ಒಳಗೇ ಸೇರುತ್ತಾ ಇರುತ್ತದೆ. ಎರಡು ದಿನ ಕೂಡಿದ್ದನ್ನು ನಾಲ್ಕು ಗಂಟೆಯಲ್ಲಿ ಎಳೆದು ತೆಗೆಯಬೇಕು. ಮೂರು ಕೆಜಿ ನೀರು ಏರಿಸಿಕೊಂಡು ಬಂದವರಿಂದ ಅಷ್ಟನ್ನೂ ಒಂದೇ ಕೂರಿಕೆಯಲ್ಲಿ ತೆಗೆಯುವಾಗ ಬಿಪಿ ಇಳಿಯುತ್ತದೆ, ಮೀನಖಂಡ ಸೆಳೆಯುತ್ತದೆ, ತಲೆ ಸುತ್ತುತ್ತದೆ. ಡಯಾಲಿಸಿಸ್ ಮುಗಿಸಿ ಮನೆಗೆ ಹೋದವರು ಆ ದಿನ ಪೂರ್ತಿ ಹಾಸಿಗೆಯಲ್ಲಿ ಇರುವುದು ಇದೇ ಕಾರಣಕ್ಕೆ. ಮನೆಯವರು "ಡಯಾಲಿಸಿಸ್ ಮಾಡಿಸಿದ ಮೇಲೂ ಯಾಕೆ ಇಷ್ಟು ಸುಸ್ತು?" ಅಂತ ಕೇಳುತ್ತಾರೆ. ಮಾಡಿಸಿದ್ದಕ್ಕೇ ಆ ಸುಸ್ತು.

ಇನ್ನೊಂದು ವಿಷಯ. ವಾರಕ್ಕೆ ಮೂರು ದಿನ ಅಂದರೆ ಒಂದು ಕಡೆ ಎರಡು ದಿನದ ಅಂತರ ಬಿದ್ದೇ ಬೀಳುತ್ತದೆ. ಆ ದೊಡ್ಡ ಅಂತರ ಮುಗಿಯುವ ದಿನ ಹೃದಯದ ತೊಂದರೆಯೂ ಸಾವೂ ಬೇರೆ ದಿನಗಳಿಗಿಂತ ಹೆಚ್ಚು ಎಂದು ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2011ರಲ್ಲೇ ತೋರಿಸಿದೆ. ಡಯಾಲಿಸಿಸ್ ಯೂನಿಟ್‌ನಲ್ಲಿ ಕೆಲಸ ಮಾಡುವ ಯಾವ ನರ್ಸ್‌ಗೂ ಇದು ಹೊಸ ವಿಷಯವಲ್ಲ. ಆ ದಿನ ಪೇಷಂಟ್ ಬಂದ ತಕ್ಷಣ ನಾವು ಮೊದಲು ನೋಡುವುದೇ ತೂಕ, ಉಸಿರಾಟ ಮತ್ತು ಪೊಟ್ಯಾಸಿಯಂ.

ಹಾಗಂತ ಹಿಮೋಡಯಾಲಿಸಿಸ್ ಕೆಟ್ಟದ್ದಲ್ಲ. ಅದು ಲಕ್ಷಾಂತರ ಜನರ ಜೀವ ಉಳಿಸಿದೆ, ಉಳಿಸುತ್ತಿದೆ. ನನ್ನ ಹೊಟ್ಟೆಪಾಡೂ ಅದರಿಂದಲೇ. ಎಲ್ಲರನ್ನೂ ಕಣ್ಣು ಮುಚ್ಚಿ ಅದೇ ಕುರ್ಚಿಗೆ ಕೂರಿಸುವುದು ಮಾತ್ರ ಸರಿಯಲ್ಲ ಎನ್ನುವುದು ನನ್ನ ವಾದ.

ಹೊಟ್ಟೆಯೇ ಶೋಧಕ

ಮನೆಯಲ್ಲಿ ಮಾಡುವ ಡಯಾಲಿಸಿಸ್‌ನಲ್ಲಿ ಎರಡು ಬಗೆ. ಒಂದು, ಮನೆಗೇ ಹಿಮೋಡಯಾಲಿಸಿಸ್ ಮಷಿನ್ ಹಾಕಿಸಿಕೊಳ್ಳುವುದು. ಇದಕ್ಕೆ ಶುದ್ಧೀಕರಿಸಿದ ನೀರು ಬೇಕು. ಮಾಮೂಲಿ ಮಷಿನ್‌ನಲ್ಲಿ ಒಂದು ಸಲಕ್ಕೆ ಸುಮಾರು 120 ಲೀಟರ್ ಹೋಗುತ್ತದೆ. ಕರೆಂಟ್ ಕೈಕೊಡಬಾರದು, ಸೂಜಿ ಹಾಕಲು ಕಲಿತಿರಬೇಕು. ನ್ಯೂಜಿಲೆಂಡ್, ಆಸ್ಟ್ರೇಲಿಯಾದಲ್ಲಿ ಇದನ್ನು ಮಾಡುವವರು ಸಾಕಷ್ಟು ಜನ ಇದ್ದಾರೆ. ನಮ್ಮ ಊರಿನ ಕರೆಂಟು, ಬೋರ್‌ವೆಲ್ ನೀರು ನೋಡಿದರೆ ಸದ್ಯಕ್ಕೆ ಇದು ಎಲ್ಲರ ಕೈಗೆಟಕುವ ಮಾತಲ್ಲ.

ಎರಡನೆಯದು ಪೆರಿಟೋನಿಯಲ್ ಡಯಾಲಿಸಿಸ್. ಆಸ್ಪತ್ರೆಯಲ್ಲಿ ಎಲ್ಲರೂ ಪಿಡಿ ಅನ್ನುತ್ತಾರೆ. ನಾನು ಇವತ್ತು ಹೇಳಹೊರಟಿರುವುದು ಇದರ ಬಗ್ಗೆ.

ನಮ್ಮ ಹೊಟ್ಟೆಯ ಒಳಗೆ, ಕರುಳನ್ನು ಸುತ್ತಿಕೊಂಡ ಹಾಗೆ ಒಂದು ತೆಳು ಪೊರೆ ಇದೆ. ಅದರ ತುಂಬ ಸಣ್ಣ ಸಣ್ಣ ರಕ್ತನಾಳಗಳು. ಹೊಕ್ಕಳ ಹತ್ತಿರ ಒಂದು ಚಿಕ್ಕ ಆಪರೇಷನ್ ಮಾಡಿ ಮೆದುವಾದ ಟ್ಯೂಬ್ ಇಡುತ್ತಾರೆ. ಆ ಟ್ಯೂಬ್ ಮೂಲಕ ಸಕ್ಕರೆ ಅಂಶ ಇರುವ ಎರಡು ಲೀಟರ್ ದ್ರಾವಣವನ್ನು ಹೊಟ್ಟೆಯೊಳಗೆ ಬಿಡುವುದು. ನಾಲ್ಕರಿಂದ ಆರು ಗಂಟೆ ಅದು ಒಳಗೇ ಇರುತ್ತದೆ. ಆ ಹೊತ್ತಿನಲ್ಲಿ ರಕ್ತದಲ್ಲಿರುವ ಕಸ ಪೊರೆ ದಾಟಿ ದ್ರಾವಣಕ್ಕೆ ಬರುತ್ತದೆ, ಹೆಚ್ಚಾದ ನೀರನ್ನು ಸಕ್ಕರೆ ಎಳೆದುಕೊಳ್ಳುತ್ತದೆ. ಆಮೇಲೆ ಹಳೆಯದನ್ನು ಖಾಲಿ ಬ್ಯಾಗ್‌ಗೆ ಇಳಿಸಿ ಹೊಸದನ್ನು ತುಂಬುವುದು. ಹೀಗೆ ದಿನಕ್ಕೆ ಸಾಮಾನ್ಯವಾಗಿ ನಾಲ್ಕು ಸಲ. ಒಂದೊಂದಕ್ಕೂ ಅರ್ಧ ಗಂಟೆಯಿಂದ ನಲವತ್ತು ನಿಮಿಷ. ಸೂಜಿ ಇಲ್ಲ, ರಕ್ತ ಹೊರಗೆ ಬರುವುದಿಲ್ಲ, ಕರೆಂಟ್ ಬೇಕಿಲ್ಲ. ಭೂಮಿಯ ಗುರುತ್ವ ಸಾಕು: ಬ್ಯಾಗನ್ನು ಮೊಳೆಗೆ ತೂಗು ಹಾಕಿದರೆ ದ್ರಾವಣ ಒಳಗೆ, ನೆಲದ ಮೇಲಿಟ್ಟರೆ ಹೊರಗೆ.

ಇದನ್ನು ರಾತ್ರಿ ಮಲಗಿದಾಗ ತಾನೇ ಮಾಡುವ ಸಣ್ಣ ಮಷಿನ್ ಕೂಡ ಇದೆ, ಸೈಕ್ಲರ್ ಅಂತ. ಎಂಟರಿಂದ ಹತ್ತು ಗಂಟೆ ಮಲಗೆದ್ದರೆ ಕೆಲಸ ಮುಗಿದಿರುತ್ತದೆ. ನಮ್ಮಲ್ಲಿಗೆ ಬರುವ ಒಬ್ಬ ಸೌದಿ ಮೇಷ್ಟ್ರು ಇದರಲ್ಲಿದ್ದಾರೆ. ಬೆಳಿಗ್ಗೆ ಟ್ಯೂಬ್ ಬಿಚ್ಚಿ ಶಾಲೆಗೆ ಹೋಗುತ್ತಾರೆ. ತಿಂಗಳಿಗೊಮ್ಮೆ ಕ್ಲಿನಿಕ್‌ಗೆ ಬರುತ್ತಾರೆ. ಇಲ್ಲಿಂದ ಮಕ್ಕಾಕ್ಕೆ ಸುಮಾರು 870 ಕಿಲೋಮೀಟರ್. ಉಮ್ರಾಕ್ಕೆ ಹೋಗುವಾಗ ಕಾರಿನ ಡಿಕ್ಕಿಯಲ್ಲಿ ಮಷಿನ್, ಬ್ಯಾಗ್ ಹಾಕಿಕೊಂಡು ಹೊರಟುಬಿಡುತ್ತಾರೆ. ಅದೇ ಪ್ರಯಾಣಕ್ಕೆ ಹಿಮೋಡಯಾಲಿಸಿಸ್ ಪೇಷಂಟ್ ಆದರೆ ಅಲ್ಲಿ ಯಾವ ಆಸ್ಪತ್ರೆಯಲ್ಲಿ ಯಾವ ದಿನ ಸೀಟ್ ಸಿಗುತ್ತದೆ ಅಂತ ಮೊದಲೇ ಹುಡುಕಬೇಕು.

ಏನು ಲಾಭ?

ಒಂದು, ದೇಹಕ್ಕೆ ಹೊಡೆತ ಕಡಿಮೆ. ದಿನವೂ ಸ್ವಲ್ಪ ಸ್ವಲ್ಪವೇ ನೀರು ಹೋಗುವುದರಿಂದ ಬಿಪಿ ಏಕಾಏಕಿ ಕುಸಿಯುವುದಿಲ್ಲ. ಹೃದಯ ದುರ್ಬಲ ಇರುವವರಿಗೆ ಇದು ದೊಡ್ಡ ಅನುಕೂಲ.

ಎರಡು, ಅಳಿದುಳಿದ ಕಿಡ್ನಿ ಶಕ್ತಿ ಹೆಚ್ಚು ಕಾಲ ಉಳಿಯುತ್ತದೆ. ಡಯಾಲಿಸಿಸ್ ಶುರುವಾದಾಗ ಹೆಚ್ಚಿನವರಿಗೆ ಇನ್ನೂ ಸ್ವಲ್ಪ ಮೂತ್ರ ಬರುತ್ತಿರುತ್ತದೆ. ಪಿಡಿಯಲ್ಲಿ ಅದು ನಿಧಾನವಾಗಿ ಕಡಿಮೆಯಾಗುತ್ತದೆ. ದಿನಕ್ಕೆ ಎರಡು ಲೋಟ ಮೂತ್ರ ಬರುತ್ತದೆ ಅಂದರೆ ಎರಡು ಲೋಟ ನೀರು ಹೆಚ್ಚು ಕುಡಿಯಬಹುದು ಅಂತ ಅರ್ಥ. ಬಾಯಾರಿಕೆಯಿಂದ ಐಸ್ ಚೂರು ಚೀಪುವವರನ್ನು ನೋಡಿದವರಿಗೆ ಅದರ ಬೆಲೆ ಗೊತ್ತು.

ಮೂರು, ಊಟ. ನಮ್ಮ ಕರಾವಳಿಯವರಿಗೆ ಎಳನೀರು, ಬಾಳೆಹಣ್ಣು, ತೆಂಗಿನಕಾಯಿ ಹಾಲು ಬಿಟ್ಟರೆ ಬದುಕೇ ಇಲ್ಲ. ಹಿಮೋಡಯಾಲಿಸಿಸ್‌ನವರಿಗೆ ಪೊಟ್ಯಾಸಿಯಂ ಭಯಕ್ಕೆ ಅದೆಲ್ಲ ಬಂದ್. ತರಕಾರಿಯನ್ನು ಬೇಯಿಸಿ ನೀರು ಬಸಿದು ತಿನ್ನಬೇಕು. ಪಿಡಿಯಲ್ಲಿ ದಿನವೂ ಪೊಟ್ಯಾಸಿಯಂ ಹೊರಗೆ ಹೋಗುತ್ತಿರುವುದರಿಂದ ಹೆಚ್ಚಿನವರಿಗೆ ಇಷ್ಟು ಕಟ್ಟುನಿಟ್ಟು ಇರುವುದಿಲ್ಲ. ಬೇಕಾಬಿಟ್ಟಿ ತಿನ್ನಿ ಅಂತಲ್ಲ, ರಕ್ತ ಪರೀಕ್ಷೆ ನೋಡಿ ಡಯಟಿಷಿಯನ್ ಹೇಳಿದಷ್ಟು. ಆದರೆ ಹಬ್ಬದ ದಿನ ಎಲೆಯ ಮುಂದೆ ಎಲ್ಲರ ಜೊತೆ ಕೂರುವ ಹಾಗಾಗುತ್ತದೆ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ.

ನಾಲ್ಕು, ಸೋಂಕು ಹರಡುವಿಕೆ. ಹತ್ತಾರು ಜನ ಒಂದೇ ಹಾಲ್‌ನಲ್ಲಿ, ಒಂದೇ ಮಷಿನ್‌ನಲ್ಲಿ ಸರದಿ ಪ್ರಕಾರ ರಕ್ತ ಶೋಧಿಸಿಕೊಳ್ಳುವಲ್ಲಿ ಹೆಪಟೈಟಿಸ್ ಬಿ, ಸಿ ಹರಡದ ಹಾಗೆ ನಾವು ದಿನವಿಡೀ ಎಚ್ಚರ ಇರಬೇಕು. ಮನೆಯಲ್ಲಿ ಆ ಭಯ ಇಲ್ಲ. 2020ರ ಮಾರ್ಚ್ ಲಾಕ್‌ಡೌನ್ ನೆನಪಿದೆಯಲ್ಲ? ಬಸ್ಸಿಲ್ಲ, ಗಾಡಿಗೆ ಪಾಸ್ ಇಲ್ಲ. ನಮ್ಮ ದೇಶದಲ್ಲಿ ಎಷ್ಟೋ ಜನರಿಗೆ ಡಯಾಲಿಸಿಸ್ ತಪ್ಪಿತು, ಕೆಲವರ ಜೀವವೇ ಹೋಯಿತು. ಮನೆಯಲ್ಲಿ ಬ್ಯಾಗ್ ಇಟ್ಟುಕೊಂಡವರು ಮನೆಯಲ್ಲೇ ಮಾಡಿಕೊಂಡರು.

ಐದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ: ಕೆಲಸ ಉಳಿಯುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕೆಲಸ, ಇಕಾಮಾ ಮತ್ತು ಡಯಾಲಿಸಿಸ್

ಗಲ್ಫ್‌ನಲ್ಲಿ ದುಡಿಯುವವನಿಗೆ ಕೆಲಸ ಹೋದರೆ ಇಕಾಮಾ ಹೋಯಿತು, ಇಕಾಮಾ ಹೋದರೆ ಇನ್ಶುರೆನ್ಸ್ ಹೋಯಿತು. ನಮ್ಮ ಕಡೆಯವರೇ ಒಬ್ಬರು, ಇಲ್ಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ, ವಯಸ್ಸು ನಲವತ್ತು ದಾಟಿರಲಿಲ್ಲ. ಶುಗರ್, ಬಿಪಿ ಎರಡನ್ನೂ ಕಡೆಗಣಿಸಿ ಕಿಡ್ನಿ ಹೋಯಿತು. ವಾರಕ್ಕೆ ಮೂರು ದಿನ ಅರ್ಧ ದಿನ ರಜೆ ಬೇಕಾಯಿತು. ಮಾಲೀಕ ಎರಡು ತಿಂಗಳು ಸಹಿಸಿಕೊಂಡ. ಮೂರನೇ ತಿಂಗಳು ಟಿಕೆಟ್ ಕೊಟ್ಟು ಕಳಿಸಿದ. ಮಾಲೀಕನನ್ನು ಬೈದು ಏನು ಮಾಡುವುದು? ನಮ್ಮೂರಲ್ಲೇ ಆಗಿದ್ದರೂ ಖಾಸಗಿ ಕೆಲಸದಲ್ಲಿ ವಾರಕ್ಕೆ ಮೂರು ಅರ್ಧ ದಿನ ಯಾರು ಕೊಡುತ್ತಾರೆ?

ಕೂತು ಮಾಡುವ ಕೆಲಸ, ಹೊಟ್ಟೆ ಆಪರೇಷನ್ ಏನೂ ಆಗಿರಲಿಲ್ಲ, ಬರೆಯಲು ಓದಲು ಚೆನ್ನಾಗಿ ಬರುತ್ತಿತ್ತು. ಪಿಡಿಗೆ ಇಂಥವರನ್ನೇ ಮೊದಲು ಯೋಚಿಸಬೇಕು. ಬೆಳಿಗ್ಗೆ ಎದ್ದಾಗ ಒಂದು, ಮಧ್ಯಾಹ್ನದ ಬಿಡುವಿನಲ್ಲಿ ಒಂದು, ಸಂಜೆ ಒಂದು, ಮಲಗುವಾಗ ಒಂದು. ಕೆಲಸಕ್ಕೆ ಹೋಗಬಹುದಿತ್ತು. ಈಗ ಊರಲ್ಲಿ ಹಿಮೋಡಯಾಲಿಸಿಸ್‌ನಲ್ಲಿ ಇದ್ದಾರೆ, ಹೆಂಡತಿ ಹೊಲಿಗೆ ಮಾಡಿ ಮನೆ ನಡೆಸುತ್ತಿದ್ದಾರೆ.

ಇಲ್ಲಿ ಇರುವ ಕನ್ನಡಿಗರಿಗೆ ಒಂದು ಮಾಹಿತಿ. ಸೌದಿಯಲ್ಲಿ ಖಾಸಗಿ ಕಂಪನಿಗಳು ನೌಕರರಿಗೆ ಆರೋಗ್ಯ ವಿಮೆ ಮಾಡಿಸುವುದು ಕಡ್ಡಾಯ. 2022ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಹೊಸ ಪಟ್ಟಿಯಲ್ಲಿ ಡಯಾಲಿಸಿಸ್‌ನ ಮಿತಿಯನ್ನು 1 ಲಕ್ಷ ರಿಯಾಲ್‌ನಿಂದ 1 ಲಕ್ಷ 80 ಸಾವಿರಕ್ಕೆ ಏರಿಸಿದ್ದಾರೆ, ಕಿಡ್ನಿ ಕಸಿಗೆ ಎರಡೂವರೆ ಲಕ್ಷ ರಿಯಾಲ್‌ವರೆಗೆ ಸೇರಿಸಿದ್ದಾರೆ. ಹಾಗಾಗಿ ಡಯಾಲಿಸಿಸ್ ಅಂದ ಕೂಡಲೇ ಗಾಬರಿಯಾಗಿ ಎಕ್ಸಿಟ್ ಹಾಕಬೇಡಿ. ಮೊದಲು ಎಚ್‌ಆರ್ ಹತ್ತಿರ ಪಾಲಿಸಿ ಕಾಗದ ಕೇಳಿ, ಓದಿ. ಆಮೇಲೆ ಆಸ್ಪತ್ರೆಯಲ್ಲಿ ಪಿಡಿ ಸಿಗುತ್ತದೆಯೇ ಎಂದು ಕೇಳಿ.

ಇಲ್ಲಿಯೂ ಎಲ್ಲ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಸೌದಿಯಲ್ಲಿ ಡಯಾಲಿಸಿಸ್‌ನಲ್ಲಿ ಇರುವವರಲ್ಲಿ ಹತ್ತಕ್ಕೆ ಒಬ್ಬರೂ ಪಿಡಿಯಲ್ಲಿ ಇಲ್ಲ. ದುಡ್ಡಿಗೆ ಕೊರತೆ ಇಲ್ಲದ ದೇಶದಲ್ಲೂ ಹೀಗೆ. ಸೆಂಟರ್ ಕಟ್ಟಿ ಮಷಿನ್ ಇಟ್ಟ ಮೇಲೆ ಕುರ್ಚಿ ತುಂಬಬೇಕು. ಮನೆಯಲ್ಲಿ ಮಾಡಿಕೊಳ್ಳುವುದನ್ನು ಕಲಿಸಲು ವಾರಗಟ್ಟಲೆ ಸಮಯ ಬೇಕು, ಕಲಿಸಲು ಗೊತ್ತಿರುವ ನರ್ಸ್ ಬೇಕು. ಕುರ್ಚಿಗೆ ಕೂರಿಸುವುದು ಎಲ್ಲರಿಗೂ ಸುಲಭ.

ಇದು ನಿನ್ನೆ ಮೊನ್ನೆಯದಲ್ಲ

"ಹೊಸದಾಗಿ ಬಂದದ್ದಂತೆ, ನಮ್ಮ ಮೇಲೆ ಪ್ರಯೋಗ ಮಾಡುತ್ತಾರಾ?" ಅಂತ ಒಬ್ಬರು ಕೇಳಿದ್ದರು. ಅವರಿಗೆ ಸ್ವಲ್ಪ ಇತಿಹಾಸ.

1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡಾ. ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ಕೈಗೆ ಟೆಫ್ಲಾನ್ ಕೊಳವೆ ಜೋಡಿಸಿ ಒಬ್ಬರಿಗೇ ಮತ್ತೆ ಮತ್ತೆ ಡಯಾಲಿಸಿಸ್ ಮಾಡುವುದನ್ನು ಸಾಧ್ಯ ಮಾಡಿದರು. ಆದರೆ ಮಷಿನ್ ಬೆರಳೆಣಿಕೆಯಷ್ಟು, ರೋಗಿಗಳು ನೂರಾರು. ಯಾರಿಗೆ ಸೀಟ್ ಕೊಡಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸಲು ಊರಿನ ಸಾಮಾನ್ಯ ಜನರ ಒಂದು ಸಮಿತಿಯನ್ನೇ ಮಾಡಿದ್ದರು. ಒಬ್ಬ ಹದಿಹರೆಯದ ಹುಡುಗಿಗೆ ಆ ಸಮಿತಿಯಿಂದ ಸೀಟ್ ಸಿಗಲಿಲ್ಲ. ಆಗ ಅಲ್ಲಿನ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪ್ರೊಫೆಸರ್ ಆಲ್ಬರ್ಟ್ ಬ್ಯಾಬ್ ಮತ್ತು ಅವರ ತಂಡ ಮನೆಯಲ್ಲಿ ಇಡಬಹುದಾದ ಮಷಿನ್ ತಯಾರಿಸಿದರು. 1964ರಲ್ಲಿ ಆ ಹುಡುಗಿ ಮನೆಯಲ್ಲೇ ಡಯಾಲಿಸಿಸ್ ಶುರು ಮಾಡಿದಳು. ಆಸ್ಪತ್ರೆಯಲ್ಲಿ ಜಾಗ ಇಲ್ಲದ್ದಕ್ಕೇ ಅವಳ ಮನೆಗೆ ಡಯಾಲಿಸಿಸ್ ಬಂತು. ನಮ್ಮ ತಾಲೂಕು ಆಸ್ಪತ್ರೆಗಳ ವೇಟಿಂಗ್ ಲಿಸ್ಟ್ ನೋಡಿದಾಗಲೆಲ್ಲ ನನಗೆ ಈ ಕಥೆ ನೆನಪಾಗುತ್ತದೆ.

ದಿನಕ್ಕೆ ನಾಲ್ಕು ಬ್ಯಾಗ್‌ನ ಪಿಡಿಯನ್ನು 1976ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಪೊಪೊವಿಚ್ ಮತ್ತು ಮಾನ್‌ಕ್ರೀಫ್ ಎಂಬ ಇಬ್ಬರು ರೂಪಿಸಿದರು. ಹಾಂಗ್‌ಕಾಂಗ್ 1985ರಿಂದ "ಮೊದಲು ಪಿಡಿ" ಎನ್ನುವ ನೀತಿ ಇಟ್ಟುಕೊಂಡಿದೆ. ಅಲ್ಲಿ ಡಯಾಲಿಸಿಸ್ ಬೇಕಾದವರಲ್ಲಿ ಹೆಚ್ಚಿನವರು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಅಲ್ಲಿನ ಮನೆಗಳು ಎಷ್ಟು ಇಕ್ಕಟ್ಟು ಅಂತ ಗೊತ್ತಲ್ಲ? "ನಮ್ಮ ಮನೆ ಚಿಕ್ಕದು" ಅನ್ನುವವರಿಗೆ ಅದೇ ಉತ್ತರ. ಥಾಯ್ಲೆಂಡ್ 2008ರಲ್ಲಿ ತನ್ನ ಉಚಿತ ಆರೋಗ್ಯ ಯೋಜನೆಯಲ್ಲಿ ಪಿಡಿಯನ್ನೇ ಮೊದಲ ಆಯ್ಕೆ ಮಾಡಿತು, ಹಳ್ಳಿಗಳಿಗೂ ಬ್ಯಾಗ್ ಮುಟ್ಟಿಸಿತು. 2022ರಲ್ಲಿ ರೋಗಿಗೇ ಆಯ್ಕೆ ಬಿಟ್ಟಿತ್ತು. ನನಗೆ ಹೆಚ್ಚು ಒಪ್ಪಿಗೆ ಆಗುವುದು ಈ ಕೊನೆಯದು. ಕಡ್ಡಾಯ ಬೇಡ, ಆಯ್ಕೆ ಬೇಕು. ಆಯ್ಕೆ ಮಾಡಬೇಕಾದರೆ ಎರಡೂ ಸಿಗುವಂತೆ ಇರಬೇಕು.

ಒಟ್ಟಾರೆ ಬದುಕುಳಿಯುವ ಲೆಕ್ಕದಲ್ಲಿ ಎರಡರ ನಡುವೆ ದೊಡ್ಡ ವ್ಯತ್ಯಾಸ ಇಲ್ಲ. ಹಾಗಿರುವಾಗ ಯಾವುದು ನಿಮ್ಮ ಬದುಕಿಗೆ ಹೊಂದುತ್ತದೆ ಎನ್ನುವುದೇ ಮುಖ್ಯ ಪ್ರಶ್ನೆ ಆಗಬೇಕು.

ತೊಂದರೆಗಳನ್ನೂ ಹೇಳಲೇಬೇಕು

ಬರೀ ಹೊಗಳಿ ಬಿಟ್ಟರೆ ನಾಳೆ ನೀವು ನನ್ನನ್ನೇ ಬೈಯುತ್ತೀರಿ.

ಪಿಡಿಯ ದೊಡ್ಡ ಶತ್ರು ಪೆರಿಟೋನೈಟಿಸ್, ಅಂದರೆ ಹೊಟ್ಟೆಯೊಳಗಿನ ಸೋಂಕು. ಟ್ಯೂಬ್ ಜೋಡಿಸುವಾಗ ಕೈ ಸರಿಯಾಗಿ ತೊಳೆಯದಿದ್ದರೆ, ತುದಿಗೆ ಬೆರಳು ತಾಗಿದರೆ ಸಾಕು. ಅದಕ್ಕೇ ನಾವು ಒಂದೆರಡು ವಾರ ಕೂರಿಸಿ ಕಲಿಸುತ್ತೇವೆ. ಬಾಗಿಲು ಹಾಕಿ, ಫ್ಯಾನ್ ಎಸಿ ಆಫ್ ಮಾಡಿ, ಮಾಸ್ಕ್ ಹಾಕಿ, ಉಗುರಿನ ಸಂದಿಯವರೆಗೆ ಕೈ ತೊಳೆದು, ಒರೆಸಿ, ಆಮೇಲೆ ಟ್ಯೂಬ್ ಮುಟ್ಟಬೇಕು. ಬೆಕ್ಕು ನಾಯಿ ಆ ಕೋಣೆಯಲ್ಲಿ ಇರಬಾರದು. ಹೊರಬಂದ ದ್ರಾವಣದ ಬ್ಯಾಗ್ ಹಿಂದೆ ನ್ಯೂಸ್ ಪೇಪರ್ ಹಿಡಿಯಿರಿ. ಅಕ್ಷರ ಓದಲು ಬಂದರೆ ಸರಿ. ಮಬ್ಬಾಗಿ ಕಂಡರೆ, ಹೊಟ್ಟೆ ನೋವು ಜ್ವರ ಬಂದರೆ, ಆ ಬ್ಯಾಗನ್ನೂ ಹಿಡಿದುಕೊಂಡು ಅದೇ ದಿನ ಆಸ್ಪತ್ರೆಗೆ ಬನ್ನಿ. ನಾಳೆ ನೋಡೋಣ ಅನ್ನಬೇಡಿ. ಬೇಗ ಬಂದರೆ ಹೆಚ್ಚಿನ ಸೋಂಕುಗಳು ಆಂಟಿಬಯೋಟಿಕ್‌ನಿಂದ ವಾಸಿಯಾಗುತ್ತವೆ. ಅಂತಾರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ಒಬ್ಬ ರೋಗಿಗೆ ವರ್ಷಕ್ಕೆ 0.4ಕ್ಕಿಂತ ಹೆಚ್ಚು ಸಲ ಬರಬಾರದು, ಅಂದರೆ ಸರಾಸರಿ ಎರಡೂವರೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚಾಗಬಾರದು. ನಿಮ್ಮ ಆಸ್ಪತ್ರೆಯ ಲೆಕ್ಕ ಎಷ್ಟು ಅಂತ ಧೈರ್ಯವಾಗಿ ಕೇಳಿ.

ದ್ರಾವಣದ ಸಕ್ಕರೆ ಸ್ವಲ್ಪ ದೇಹಕ್ಕೆ ಸೇರುತ್ತದೆ. ಶುಗರ್ ಇರುವವರು ಇನ್ಸುಲಿನ್ ಹೆಚ್ಚಿಸಬೇಕಾಗಬಹುದು, ತೂಕ ಏರಬಹುದು. ದ್ರಾವಣದ ಜೊತೆ ದಿನವೂ ಪ್ರೋಟೀನ್ ಹೊರಹೋಗುತ್ತದೆ. ಮೊಟ್ಟೆ, ಮೀನು, ಬೇಳೆ ಸರಿಯಾಗಿ ತಿನ್ನಬೇಕು. ಬರೀ ಗಂಜಿ ಉಪ್ಪಿನಕಾಯಿಯಲ್ಲಿ ದಿನ ದೂಡಿದರೆ ದೇಹ ಸೊರಗುತ್ತದೆ. ಹೊಟ್ಟೆಗೆ ದೊಡ್ಡ ಆಪರೇಷನ್ ಆದವರಿಗೆ, ಸರಿಪಡಿಸದ ಹರ್ನಿಯಾ ಇರುವವರಿಗೆ ಇದು ಆಗದೇ ಇರಬಹುದು. ವರ್ಷಗಳು ಕಳೆದಂತೆ ಪೊರೆಯ ಶಕ್ತಿ ಕುಂದಬಹುದು, ಆಗ ಹಿಮೋಡಯಾಲಿಸಿಸ್‌ಗೆ ಬದಲಾಗಬೇಕು.

ಸಮಯದ ಲೆಕ್ಕದಲ್ಲೂ ಮೋಸ ಬೇಡ. ದಿನಕ್ಕೆ ನಾಲ್ಕು ಸಲ ಅಂದರೆ ಎರಡು, ಎರಡೂವರೆ ಗಂಟೆ. ವಾರದ ಲೆಕ್ಕ ಹಾಕಿದರೆ ಆಸ್ಪತ್ರೆಯ 12 ಗಂಟೆಗಿಂತ ಹೆಚ್ಚೇ. ರಜೆಯೂ ಇಲ್ಲ. ಆದರೆ ಆ ಹೊತ್ತು ನಿಮ್ಮ ಮನೆಯಲ್ಲಿ, ನಿಮ್ಮ ಸಮಯಕ್ಕೆ. ಬಸ್ಸಿಗೆ ಕಾಯುವುದು, ಹೋಗಿ ಬರುವುದು, ಆ ದಿನದ ಸುಸ್ತು ಇಲ್ಲ.

ಇನ್ನು ಯಾರೂ ಹೇಳದ ಒಂದು ಮಾತು. "ಮನೆ ಡಯಾಲಿಸಿಸ್" ಅಂದ ಕೂಡಲೇ ಗಂಡಸರ ಕಣ್ಣು ಹೆಂಡತಿ ಕಡೆ ಹೋಗುತ್ತದೆ. ಟ್ರೇನಿಂಗ್‌ಗೆ ಹೆಂಡತಿಯನ್ನೋ ಸೊಸೆಯನ್ನೋ ಕಳಿಸಿ ತಾವು ಟಿವಿ ಮುಂದೆ ಕೂತವರನ್ನು ಇಲ್ಲೂ ನೋಡಿದ್ದೇನೆ, ಊರಲ್ಲೂ ನೋಡಿದ್ದೇನೆ. ಅಡುಗೆ, ಮಕ್ಕಳು, ಅತ್ತೆ ಮಾವ, ಹಸು ಕೊಟ್ಟಿಗೆ, ಅದರ ಮೇಲೆ ದಿನಕ್ಕೆ ನಾಲ್ಕು ಬ್ಯಾಗ್. ಅವಳಿಗೆ ಜ್ವರ ಬಂದರೆ? ನನ್ನ ನಿಯಮ ಒಂದೇ: ಕೈ ಕಣ್ಣು ಸರಿ ಇರುವ ಪೇಷಂಟ್ ಮೊದಲು ತಾನೇ ಕಲಿಯಬೇಕು. ಮನೆಯವರು ಕಷ್ಟಕಾಲಕ್ಕೆ. ತೀರಾ ವಯಸ್ಸಾದವರು, ಕಣ್ಣು ಕಾಣದವರು ಬೇರೆ. ಅವರಿಗೆ ಸಹಾಯ ಬೇಕು. ಅದಕ್ಕೆ ಆಶಾ ಕಾರ್ಯಕರ್ತೆಯರ ಮೇಲೆ ಇನ್ನೊಂದು ಹೊರೆ ಹಾಕುವ ಬದಲು ತರಬೇತಿ ಪಡೆದ ನರ್ಸ್‌ಗಳನ್ನು ನೇಮಿಸಬೇಕು.

ನಮ್ಮ ರಾಜ್ಯಕ್ಕೆ ಒಂದು ಪ್ರಶ್ನೆ

ನಮ್ಮ ಉತ್ತರ ಕನ್ನಡದವರಿಗೆ ಇದು ಬೇಗ ಅರ್ಥವಾಗುತ್ತದೆ. ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಎಷ್ಟು ವರ್ಷದಿಂದ ಕೂಗುತ್ತಿದ್ದೇವೆ. ದೊಡ್ಡ ಕಾಯಿಲೆ ಬಂದರೆ ಮಣಿಪಾಲ, ಮಂಗಳೂರು ಇಲ್ಲವೇ ಹುಬ್ಬಳ್ಳಿ. ತಾಲೂಕು ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಬಂದದ್ದು ನಿಜಕ್ಕೂ ದೊಡ್ಡ ಕೆಲಸ, ಅದನ್ನು ಮೆಚ್ಚಲೇಬೇಕು. ಆದರೆ ಘಟ್ಟದ ಒಳಗಿನ ಹಳ್ಳಿಯಿಂದ ಮಳೆಗಾಲದಲ್ಲಿ ವಾರಕ್ಕೆ ಮೂರು ದಿನ ತಾಲೂಕು ಕೇಂದ್ರಕ್ಕೆ ಬರುವುದು ಹೇಗೆ? ಮರ ಬಿದ್ದು ರಸ್ತೆ ಬಂದ್ ಆದ ದಿನ? ಡಯಾಲಿಸಿಸ್ ಉಚಿತ, ಬಾಡಿಗೆ ಜೀಪ್ ಉಚಿತ ಅಲ್ಲ. ಜೊತೆಗೆ ಬರುವವರ ಕೂಲಿಯೂ ಹೋಯಿತು. ಎಷ್ಟೋ ಜನ ಮೂರು ಸಲದ ಬದಲು ಎರಡು ಸಲ ಮಾಡಿಸಿಕೊಳ್ಳುವುದು ಇದಕ್ಕೇ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾದದ್ದು 2016ರ ಬಜೆಟ್‌ನಲ್ಲಿ. ಮೊದಲು ಬರೀ ಹಿಮೋಡಯಾಲಿಸಿಸ್ ಇತ್ತು. 2019ರಲ್ಲಿ ಪಿಡಿಯನ್ನೂ ಸೇರಿಸಿ ಮಾರ್ಗಸೂಚಿ ಹೊರಡಿಸಿದರು. ಅಂದರೆ ಕಾಗದದ ಮೇಲೆ ದಾರಿ ಇದೆ.

ಪಕ್ಕದ ರಾಜ್ಯಗಳನ್ನು ನೋಡಿ. ತಮಿಳುನಾಡು 2021ರ ಆಗಸ್ಟ್ 5ರಂದು "ಮಕ್ಕಳೈ ತೇಡಿ ಮರುತ್ತುವಂ", ಅಂದರೆ ಜನರನ್ನು ಹುಡುಕಿಕೊಂಡು ಹೋಗುವ ವೈದ್ಯ ಸೇವೆ ಎನ್ನುವ ಯೋಜನೆ ಶುರು ಮಾಡಿತು. ಬಿಪಿ ಶುಗರ್ ಮಾತ್ರೆಯ ಜೊತೆಗೆ ಪಿಡಿ ಬ್ಯಾಗ್‌ಗಳನ್ನೂ ರೋಗಿಯ ಮನೆ ಬಾಗಿಲಿಗೆ ಕೊಡುವುದು ಅದರಲ್ಲಿದೆ. ಶುರುವಾದದ್ದು ಎಲ್ಲಿ ಗೊತ್ತೇ? ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ನಮ್ಮ ಗಡಿಗೆ ತಾಗಿದ, ಕನ್ನಡ ಮಾತಾಡುವವರೂ ಇರುವ ಜಿಲ್ಲೆ. ಕೇರಳ ಸರ್ಕಾರವೂ ಮನೆಯಲ್ಲಿ ಪಿಡಿ ಮಾಡಿಕೊಳ್ಳುವವರಿಗೆ ಉಚಿತವಾಗಿ ಬ್ಯಾಗ್ ಒದಗಿಸುವ ಯೋಜನೆ ತಂದಿದೆ. ಗಡಿಯ ಆ ಕಡೆಯ ಕನ್ನಡಿಗನ ಮನೆ ಬಾಗಿಲಿಗೆ ಬರುವುದು ಈ ಕಡೆಯ ಕನ್ನಡಿಗನ ಮನೆಗೆ ಯಾಕೆ ಬರಬಾರದು?

ಪಿಡಿಯಲ್ಲಿ ಖರ್ಚೆಲ್ಲ ಬ್ಯಾಗ್‌ನದ್ದು. ದಿನಕ್ಕೆ ನಾಲ್ಕು, ತಿಂಗಳಿಗೆ 120. ಬಡವ ಜೇಬಿನಿಂದ ಕೊಡಲು ಆಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಇದು "ದುಡ್ಡಿದ್ದವರ ಡಯಾಲಿಸಿಸ್" ಆಗಿಬಿಟ್ಟಿದೆ. ನನ್ನ ಪ್ರಕಾರ ಇದು ಉಲ್ಟಾ ಆಗಬೇಕಿತ್ತು. ಕಾರು, ಡ್ರೈವರ್ ಇರುವವರು ಆಸ್ಪತ್ರೆಗೆ ಹೇಗೂ ಹೋಗಬಲ್ಲರು. ಬಸ್ಸಿಲ್ಲದ ಊರಿನವರಿಗೆ ಪಿಡಿ ಮೊದಲು ಸಿಗಬೇಕು. ಒಂದು ಹೊಸ ಸೆಂಟರ್ ಅಂದರೆ ಕಟ್ಟಡ, ಆರ್‌ಒ ಘಟಕ, ಜನರೇಟರ್, ಟೆಕ್ನಿಷಿಯನ್, ಮಷಿನ್ ರಿಪೇರಿ ಎಲ್ಲ ಬೇಕು. ಪಿಡಿಗೆ ಬೇಕಾದ್ದು ಟ್ಯೂಬ್ ಹಾಕುವ ವೈದ್ಯರು, ಜಿಲ್ಲೆಗೆ ಇಬ್ಬರು ಮೂವರು ಪಿಡಿ ನರ್ಸ್‌ಗಳು, ತಿಂಗಳಿಗೊಮ್ಮೆ ತಪ್ಪದೆ ಬ್ಯಾಗ್ ತಲುಪಿಸುವ ಗಾಡಿ, ರಾತ್ರಿಯೂ ಎತ್ತುವ ಒಂದು ಫೋನ್ ನಂಬರ್. ಕೊನೆಯ ಎರಡು ಇಲ್ಲದಿದ್ದರೆ ಶುರು ಮಾಡಲೇಬಾರದು, ಯಾಕೆಂದರೆ ಬ್ಯಾಗ್ ನಿಂತ ದಿನ ಡಯಾಲಿಸಿಸ್ ನಿಂತ ಹಾಗೆ.

ಹಿಮೋಡಯಾಲಿಸಿಸ್ ನಿಲ್ಲಿಸಿ ಅಂತ ಕೇಳುತ್ತಿಲ್ಲ. ಪಿಡಿಗೆ ಹೋಗಬಲ್ಲವರು ಹೋದರೆ ತಾಲೂಕು ಆಸ್ಪತ್ರೆಯಲ್ಲಿ ಅಷ್ಟು ಕುರ್ಚಿ ಖಾಲಿಯಾಗುತ್ತದೆ. ಕಾಯುತ್ತಾ ಕೂತವರಿಗೆ ಸಿಗುತ್ತದೆ.

ಡಾಕ್ಟರ್ ಹತ್ತಿರ ಇಷ್ಟು ಕೇಳಿ

ಮನೆಯಲ್ಲಿ ಯಾರಿಗಾದರೂ ಕ್ರಿಯಾಟಿನಿನ್ ಏರುತ್ತಿದೆ, ಮುಂದೆ ಡಯಾಲಿಸಿಸ್ ಬೇಕಾಗಬಹುದು ಅಂತ ಹೇಳಿದ್ದರೆ ಕೊನೆಯ ದಿನದವರೆಗೆ ಕಾಯಬೇಡಿ. ಉಸಿರಾಟ ಕಟ್ಟಿ ಎಮರ್ಜೆನ್ಸಿಗೆ ಬಂದವರಿಗೆ ಕುತ್ತಿಗೆಗೆ ಲೈನ್ ಹಾಕಿ ಹಿಮೋಡಯಾಲಿಸಿಸ್ ಮಾಡುವುದು ಬಿಟ್ಟು ನಮಗೆ ಬೇರೆ ದಾರಿ ಇರುವುದಿಲ್ಲ. ಒಮ್ಮೆ ಹಾಗೆ ಶುರುವಾದವರು ಹೆಚ್ಚಾಗಿ ಅಲ್ಲೇ ಉಳಿದುಬಿಡುತ್ತಾರೆ. ಪಿಡಿ ಟ್ಯೂಬ್ ಹಾಕಿದ ಮೇಲೆ ಗಾಯ ಕೂಡಿಕೊಳ್ಳಲು ಸುಮಾರು ಎರಡು ವಾರ ಬಿಡುತ್ತಾರೆ. ಅದಕ್ಕೆ ಮೊದಲೇ ಯೋಚನೆ ಮಾಡಬೇಕು.

ಕೇಳಬೇಕಾದ್ದು:

1. ನಮ್ಮ ಅಪ್ಪನಿಗೆ/ಅಮ್ಮನಿಗೆ ಪಿಡಿ ಆಗುತ್ತದೆಯೇ? ಆಗುವುದಿಲ್ಲ ಅಂದರೆ ಯಾವ ಕಾರಣಕ್ಕೆ?
2. ಈ ಆಸ್ಪತ್ರೆಯಲ್ಲಿ ಪಿಡಿ ಇಲ್ಲದಿದ್ದರೆ ಹತ್ತಿರದಲ್ಲಿ ಎಲ್ಲಿದೆ?
3. ಎಷ್ಟು ದಿನ ತರಬೇತಿ? ಯಾರು ಕೊಡುತ್ತಾರೆ? ಕನ್ನಡದಲ್ಲಿ ಹೇಳಿಕೊಡುತ್ತಾರೆಯೇ?
4. ತಿಂಗಳ ಬ್ಯಾಗ್ ಖರ್ಚು ಎಷ್ಟು? ಯಾವ ಯೋಜನೆ ಅಥವಾ ಇನ್ಶುರೆನ್ಸ್‌ನಲ್ಲಿ ಸಿಗುತ್ತದೆ?
5. ರಾತ್ರಿ ತೊಂದರೆಯಾದರೆ ಯಾವ ನಂಬರ್‌ಗೆ ಫೋನ್ ಮಾಡಬೇಕು?
6. ಕಿಡ್ನಿ ಕಸಿಗೆ ಹೆಸರು ಬರೆಸಬಹುದೇ? ಆಗುವವರಿಗೆ ಕಸಿಯೇ ಎಲ್ಲಕ್ಕಿಂತ ಒಳ್ಳೆಯದು. ಕರ್ನಾಟಕದಲ್ಲಿ "ಜೀವಸಾರ್ಥಕತೆ" ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ.

ಈ ಪ್ರಶ್ನೆ ಕೇಳಿದ್ದಕ್ಕೆ ಯಾರಾದರೂ ಸಿಡುಕಿದರೆ ಬೇಸರ ಮಾಡಿಕೊಳ್ಳಬೇಡಿ, ಇನ್ನೊಬ್ಬರ ಹತ್ತಿರ ಕೇಳಿ. ಎರಡನ್ನೂ ಕೇಳಿ, ತಿಳಿದು, ಆಮೇಲೆ ಹಿಮೋಡಯಾಲಿಸಿಸ್‌ನ್ನೇ ಆರಿಸಿದರೆ ಅದೂ ಒಳ್ಳೆಯ ತೀರ್ಮಾನವೇ. "ಮನೆಯಲ್ಲಿ ನನಗೆ ಭಯ, ಅಲ್ಲಿ ನರ್ಸ್ ಇರುತ್ತಾರೆ, ನಾಲ್ಕು ಜನ ಮಾತಿಗೆ ಸಿಗುತ್ತಾರೆ" ಎಂದು ಆಸ್ಪತ್ರೆಯನ್ನೇ ಇಷ್ಟಪಡುವವರೂ ನನ್ನ ಯೂನಿಟ್‌ನಲ್ಲಿ ಇದ್ದಾರೆ. ಅವರಿಗೆ ಅದೇ ಸರಿ.

ಪಿಡಿಯಲ್ಲಿ ಇರುವವರು ಅಥವಾ ಅವರ ಮನೆಯವರು ಈ ಪೋಸ್ಟ್ ಓದುತ್ತಿದ್ದರೆ ನಿಮ್ಮ ಅನುಭವ ಕಾಮೆಂಟ್‌ನಲ್ಲಿ ಬರೆಯಿರಿ, ಒಳ್ಳೆಯದು ಕೆಟ್ಟದ್ದು ಎರಡೂ. ನನ್ನ ಹತ್ತು ಪೋಸ್ಟ್‌ಗಿಂತ ನಿಮ್ಮ ನಾಲ್ಕು ಸಾಲು ಹೊಸಬರಿಗೆ ಹೆಚ್ಚು ಧೈರ್ಯ ಕೊಡುತ್ತದೆ. ರಿಪೋರ್ಟ್ ಫೋಟೋ ಮಾತ್ರ ಕಾಮೆಂಟ್‌ನಲ್ಲಿ ಹಾಕಬೇಡಿ, ಹೆಸರು ನಂಬರ್ ಎಲ್ಲರಿಗೂ ಕಾಣುತ್ತದೆ.

ಮುಂದಿನ ಪೋಸ್ಟ್‌ನಲ್ಲಿ ಫಿಸ್ಟುಲಾ ಕೈಯನ್ನು ನೋಡಿಕೊಳ್ಳುವುದು ಹೇಗೆ ಅಂತ ಬರೆಯುತ್ತೇನೆ. ಈ ವಾರ ನೈಟ್ ಡ್ಯೂಟಿ, ಉತ್ತರ ಕೊಡುವುದು ತಡವಾದರೆ ಕ್ಷಮೆ ಇರಲಿ.